ಕೈಗುಣದ ಗುಣಾಂಕ

ಆ ಹ್ಯಾಚರಿಯಲ್ಲಿ ಕೋಳಿ ಒಂದೂ ಇರಲಿಲ್ಲ. ಫಾರಮ್ಮುಗಳಿಂದ ಮೊಟ್ಟೆ ಬರುತ್ತಿತ್ತು, ಮರಿಯಾಗಿ ಹೋಗುತ್ತಿತ್ತು. ನಡುವಿನ ಇಪ್ಪತ್ತೊಂದು ದಿನ ಕಾವು ಕೊಡುವ, ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸವನ್ನೆಲ್ಲ ಕೋಣೆಯಷ್ಟು ದೊಡ್ಡ ಯಂತ್ರಗಳು ನೋಡಿಕೊಳ್ಳುತ್ತಿದ್ದವು. ತಾಯಿಯ ಕೆಲಸದಲ್ಲಿ ಯಂತ್ರಕ್ಕೆ ಬಾರದ್ದು ಒಂದೇ: ಮೊಟ್ಟೆಯ ಮುಖ ನೋಡಿ ಇದು ಆದೀತು, ಇದು ಆಗದು ಎಂದು ಆರಿಸುವುದು. ಅದಕ್ಕೆ ಮೊಟ್ಟೆಕೋಣೆಯಲ್ಲಿ ನಾಲ್ವರು ಹೆಂಗಸರಿದ್ದರು. ನಾಲ್ವರಲ್ಲಿ ಹಿರಿಯಳು ಅಕ್ಕ.

ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಎಂಟು ವರ್ಷ ದೊಡ್ಡವನಾದ ವಾಚ್‌ಮನ್ ಕೂಡ. ಹುಟ್ಟಿನಿಂದಲೇ ಹಾಗೆ ಕರೆಯುವ ಹಕ್ಕಿದ್ದವನು ಅಲ್ಲಿ ಒಬ್ಬನೇ, ಪಕ್ಕದ ಆಫೀಸಿನಲ್ಲಿ ರಿಜಿಸ್ಟರು ಬರೆಯುತ್ತಿದ್ದ ಅವಳ ತಮ್ಮ. ಅವನಿಗೆ ಪರ್ಸೆಂಟು ಎಂದು ಹೆಸರಿಟ್ಟಿದ್ದರು. ಊಟಕ್ಕೆ ಬರ್ತೀಯಾ ಎಂದರೆ 'ನೂರಕ್ಕೆ ಎಪ್ಪತ್ತು ಬರ್ತೀನಿ' ಎನ್ನುವ ಮನುಷ್ಯ. ಉಳಿದ ಮೂವತ್ತಕ್ಕೆ ಊಟ ಬಡಿಸಬೇಕೋ ಬೇಡವೋ ಎಂದು ಅವನ ಹೆಂಡತಿ ಇನ್ನೂ ಕೇಳುತ್ತಿದ್ದಳು.

ಅಕ್ಕನ ಕೆಲಸ ನೋಡಲು ಚೆಂದವಿತ್ತು. ಎರಡು ಮೊಟ್ಟೆ ಎತ್ತಿ ಒಂದಕ್ಕೊಂದು ಮೆಲ್ಲಗೆ ತಾಗಿಸುವಳು. ಸದ್ದು ಗಟ್ಟಿಯಾಗಿ ಬಂದರೆ ಸರಿ, ಮಂಕಾಗಿ ಬಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕು. ದಪ್ಪ ತುದಿ ಮೇಲೆ ಬರುವಂತೆ ಟ್ರೇಯ ಗುಳಿಯಲ್ಲಿ ಕೂರಿಸುವಳು. ನೂರೈವತ್ತು ತುಂಬಿದರೆ ಟ್ರೇಯ ಅಂಚಿಗೆ ಬಳಪದಿಂದ ಒಂದು ಗೆರೆ. ನಾಲ್ವರಿಗೆ ನಾಲ್ಕು ಬಣ್ಣ, ಅಕ್ಕನದು ಹಸಿರು. ಯಾರು ಎಷ್ಟು ಟ್ರೇ ತುಂಬಿದರು ಎಂದು ಸಂಜೆ ಪರ್ಸೆಂಟು ಬಂದು ಬಣ್ಣ ಎಣಿಸಿ ಬರೆದುಕೊಳ್ಳುತ್ತಿದ್ದ.

ಗೋಡೆಯ ಮೇಲೆ ಒಂದು ಸೂಚನೆ ಇತ್ತು: 'ಅನುಮಾನ ಬಂದ ಮೊಟ್ಟೆಯನ್ನು ಬಕೀಟಿಗೆ ಹಾಕಿ.' ಅನುಮಾನ ಎಲ್ಲರಿಗೂ ಒಂದೇ ವೇಗದಲ್ಲಿ ಬರುವುದಿಲ್ಲ. ಉಳಿದ ಮೂವರಿಗೆ ಬೇಗ ಬರುತ್ತಿತ್ತು, ಅದರಲ್ಲೂ ನೆಲದ ಮೊಟ್ಟೆ ಕಂಡರೆ. ಕೋಳಿ ಗೂಡಿನಲ್ಲಿ ಇಡದೆ ನೆಲದ ಮೇಲೆ ಇಟ್ಟುಬಿಟ್ಟ ಮೊಟ್ಟೆ ಅದು; ಕೊಳೆ ಮೆತ್ತಿಕೊಂಡಿರುತ್ತದೆ, ಒಳಗೆ ಸೋಂಕು ಇಳಿದಿರಲೂಬಹುದು. ಅಂಥವನ್ನು ಅಕ್ಕ ಒಣ ಉಪ್ಪುಕಾಗದದಿಂದ ತಿಕ್ಕಿ, ದೀಪದ ಮುಂದೆ ಹಿಡಿದು, ತಿರುಗಿಸಿ ನೋಡಿ, ಆದೀತು ಅನ್ನಿಸಿದರೆ ತನ್ನ ಟ್ರೇಗೆ ಸೇರಿಸುತ್ತಿದ್ದಳು. ಅವಳು ಬೇಡವೆನ್ನುವುದಿಲ್ಲ ಎಂದು ಗೊತ್ತಾದ ಮೇಲೆ ಎಲ್ಲರೂ ನೆಲದ ಮೊಟ್ಟೆಯನ್ನು ಅವಳ ಮೇಜಿಗೇ ತಳ್ಳತೊಡಗಿದರು.

"ಅಕ್ಕಾ, ನಿನ್ನ ಮಕ್ಕಳು ಬಂದ್ವು ನೋಡು, ಮುಖಾನೂ ತೊಳ್ಕೊಂಡಿಲ್ಲ!"

"ತಳ್ಳು ಇತ್ಲಾಗೆ. ನೀನೇನು ಹುಟ್ಟೋವಾಗ ಪೌಡ್ರು ಹಾಕ್ಕೊಂಡು ಬಂದಿದ್ಯಾ?"

ಹೀಗೆ ಹನ್ನೊಂದು ವರ್ಷ ನಡೆಯಿತು. ಹನ್ನೆರಡನೆಯ ವರ್ಷ ಒಂದು ಬ್ಯಾಚಿನಲ್ಲಿ ಒಂದು ಇಡೀ ಟ್ರಾಲಿ ಕೈಕೊಟ್ಟಿತು. ಬಾಗಿಲು ತೆಗೆದರೆ ಅರ್ಧಕ್ಕರ್ಧ ಮೊಟ್ಟೆಗಳು ಬಾಯಿ ಮುಚ್ಚಿಕೊಂಡು ಕೂತಿದ್ದವು. ಆ ಟ್ರಾಲಿಯ ಟ್ರೇಗಳ ಮೇಲೆ ಮೇಲಿನಿಂದ ಕೆಳಗಿನವರೆಗೂ ಹಸಿರು ಗೆರೆ.

ಮೊಟ್ಟೆಕೋಣೆಯಲ್ಲಿ ಒಬ್ಬಳಿಗೆ ರೇಡಿಯೋ ಎಂದು ಹೆಸರಿತ್ತು. ಬ್ಯಾಟರಿ ಮುಗಿಯದ ರೇಡಿಯೋ. ಆವತ್ತು ಚಹಾದ ಹೊತ್ತಿಗೆ ಅವಳು ಅಕ್ಕನ ಅಂಗೈ ಹಿಡಿದು ನೋಡಿ, "ಅಯ್ಯೋ, ಐಸು ಕಣ್ರೇ! ಕಾವು ಬೇಕಾದ ಮೊಟ್ಟೆಗೆ ಈ ಕೈ ಸೋಕಿದ್ರೆ ಇನ್ನೇನಾಗುತ್ತೆ?" ಎಂದಳು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಮರುದಿನ ಒಬ್ಬಳು ತನ್ನ ಟ್ರೇಯನ್ನು ಅಕ್ಕನ ಮೇಜಿನಿಂದ ಒಂದು ಗೇಣು ಈಚೆಗೆ ಎಳೆದುಕೊಂಡಳು. ಆಗ ಯಾರೂ ನಗಲಿಲ್ಲ.

ಕೈಗುಣ ಎಂಬ ಮಾತು ನಮ್ಮಲ್ಲಿ ಹಳೆಯದು. ಡಾಕ್ಟರಿಗೆ ಕೈಗುಣ, ಅಡುಗೆಯವಳಿಗೆ ಕೈಗುಣ, ಕ್ಷೌರದವನಿಗೂ ಕೈಗುಣ. ಗುಣವಾದವರು ಬಂದು ಹೇಳುತ್ತಾರೆ; ಆಗದವರು ಹೇಳಲು ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ಹಾಗಾಗಿ ಒಳ್ಳೆಯ ಕೈಗುಣಕ್ಕೆ ಸಾಕ್ಷಿ ಹೇರಳ. ಕೆಟ್ಟ ಕೈಗುಣಕ್ಕೆ ಸಾಕ್ಷಿಯೇ ಬೇಕಾಗಿಲ್ಲ, ಒಂದು ರೇಡಿಯೋ ಸಾಕು.

ಇಷ್ಟಕ್ಕೇ ನಿಂತಿದ್ದರೆ ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ರೇಡಿಯೋ ಮನೆ ಇದ್ದದ್ದು ಅಕ್ಕನ ಮಗಳನ್ನು ಕೊಟ್ಟ ಬೀದಿಯಲ್ಲೇ. ಮಗಳಿಗೆ ಆಗ ಏಳು ತಿಂಗಳು. ಹೆರಿಗೆಯಾದ ಮೇಲೆ ಒಂದು ತಿಂಗಳು ಅಮ್ಮ ಬಂದು ಜೊತೆಗಿರುವುದೆಂದು ಮೊದಲೇ ಮಾತಾಗಿತ್ತು. ಅಕ್ಕ ಆ ತಿಂಗಳಿಗೆ ರಜೆಯನ್ನೂ ಬರೆಸಿದ್ದಳು. ಒಂದು ಸಂಜೆ ಮಗಳ ಫೋನು ಬಂತು.

"ಅಮ್ಮ, ತಪ್ಪು ತಿಳ್ಕೋಬೇಡ. ಅತ್ತೆ ಹೇಳ್ತಿದ್ರು... ನೀನು ಆಗ ಬರೋದು ಬೇಡ್ವೇನೋ ಅಂತ."

"ಯಾಕಂತೆ?"

"ಹ್ಯಾಚರೀಲಿ ಏನೋ ಆಯ್ತಂತಲ್ಲ. ಕೈ... ಅದೇ, ನಿನ್ನ ಕೈ ಬಗ್ಗೆ. ಬಂದು ನೋಡ್ಕೊಂಡು ಹೋಗ್ಲಿ, ಎತ್ಕೊಳ್ಳೋದು ಗಿತ್ಕೊಳ್ಳೋದು ಬೇಡ ಅಂದ್ರು."

"ನೀನೇನಂದೆ?"

"ಊಟ ಆಯ್ತಾ ಅಮ್ಮ?" ಎಂದಳು ಮಗಳು.

ಮರುದಿನ ಅಕ್ಕ ಮೊಟ್ಟೆಕೋಣೆಗೆ ಹೋಗುವ ಮೊದಲು ತಮ್ಮನ ಮೇಜಿನ ಮುಂದೆ ನಿಂತಳು.

"ಒಂದು ಚೀಟಿ ಬರ್ಕೊಡೋ."

"ಎಂಥ ಚೀಟಿ ಅಕ್ಕ?"

"ನನ್ನ ಕೈಯಲ್ಲಿ ಏನೂ ಇಲ್ಲ ಅಂತ. ಎಲ್ಲಾ ನಿನ್ನ ರಿಜಿಸ್ಟರಲ್ಲೇ ಇದೆ ತಾನೆ? ಲೆಕ್ಕ ಹಾಕಿ ಕೆಳಗೊಂದು ಸೀಲು ಹೊಡಿ. ಬೀಗಿತಿ ಓದಿದೋರು, ಸೀಲು ಕಂಡ್ರೆ ನಂಬ್ತಾರೆ."

"ಹಂಗೆಲ್ಲಾ ಮೊದ್ಲೇ ಉತ್ತರ ಇಟ್ಕೊಂಡು ಲೆಕ್ಕ ಮಾಡ್ಬಾರ್ದಕ್ಕ."

"ಉತ್ತರ ನಂಗೆ ಗೊತ್ತಲ್ಲೋ."

"ನಿಂಗೆ ಗೊತ್ತು. ಲೆಕ್ಕಕ್ಕೆ ಗೊತ್ತಿಲ್ಲ."

ಪರ್ಸೆಂಟು ಎರಡು ವರ್ಷ ಅಂಚೆಯ ಮೂಲಕ ಸಂಖ್ಯಾಶಾಸ್ತ್ರ ಓದಿದ್ದ. ಓದಿದ್ದನ್ನು ಬಳಸುವ ಸಂದರ್ಭ ಇದುವರೆಗೂ ಬಂದಿರಲಿಲ್ಲ. ಆಫೀಸಿನಲ್ಲಿ ಅವನಿಂದ ಕೂಡುವುದು, ಕಳೆಯುವುದು ಬಿಟ್ಟರೆ ಬೇರೇನನ್ನೂ ಯಾರೂ ಕೇಳಿರಲಿಲ್ಲ. ಅಕ್ಕನ ಕಷ್ಟ ಕೇಳಿ ಅವನಿಗೆ ಸಂಕಟವಾದದ್ದು ನಿಜ. ಅದರ ಜೊತೆಗೆ ಸ್ವಲ್ಪ ಖುಷಿಯೂ ಆಯಿತು ಎನ್ನುವುದನ್ನು ಅವನೇ ಆಮೇಲೆ ಒಪ್ಪಿಕೊಂಡ.

"ಅಕ್ಕ, ಇದನ್ನ ಸರಿಯಾಗೇ ಮಾಡೋಣ. ಎರಡು ಸಂಗತಿ ಒಟ್ಟಿಗೆ ಏರುತ್ತಾ, ಒಂದು ಏರಿದ್ರೆ ಇನ್ನೊಂದು ಇಳಿಯುತ್ತಾ, ಇಲ್ಲಾ ಒಂದಕ್ಕೊಂದು ಕೇರೇ ಮಾಡಲ್ವಾ ಅಂತ ನೋಡೋ ಲೆಕ್ಕ ಇದೆ. ಸಹಸಂಬಂಧ ಅಂತ."

"ಬೀಗರ ಸಂಬಂಧಾನೇ ಸಾಕಾಗಿದೆ, ಇದೊಂದು ಬೇರೆ."

"ಒಂದು ಕಡೆ ನಿನ್ನ ಕೈ, ಇನ್ನೊಂದು ಕಡೆ ಮರಿ. ಸಂಬಂಧ ಇಲ್ದಿದ್ರೆ ಗುಣಾಂಕ ಸೊನ್ನೆ ಹತ್ರ ಬರುತ್ತೆ. ಅದಕ್ಕೆ ಸೀಲು ಹೊಡ್ದು ಕೊಡ್ತೀನಿ."

ಕೈಯನ್ನು ಲೆಕ್ಕಕ್ಕೆ ತರುವುದು ಹೇಗೆ ಎಂಬುದು ಮೊದಲ ತೊಡಕು. ರೇಡಿಯೋ ಹೇಳಿದ್ದು ತಣ್ಣಗಿನ ಕೈ ಎಂದಲ್ಲವೇ? ಪರ್ಸೆಂಟು ಯಂತ್ರದ ಕೋಣೆಯಿಂದ ಥರ್ಮಾಮೀಟರು ತಂದು ನಾಲ್ವರ ಅಂಗೈಯಲ್ಲೂ ಎರಡೆರಡು ನಿಮಿಷ ಹಿಡಿಸಿದ. ಅಕ್ಕನದು ಮೂವತ್ತೊಂದು ಡಿಗ್ರಿ. ರೇಡಿಯೋದು ಮೂವತ್ತು.

"ನನ್ನ ಕೈ ಈಗ ತಾನೆ ತೊಳ್ಕೊಂಡು ಬಂದಿದ್ದು!" ಎಂದು ರೇಡಿಯೋ ಕೂಗಾಡಿದಳು. "ತಣ್ಣಗೆ ಅಂದ್ರೆ ಆ ತಣ್ಣಗೆ ಅಲ್ಲ. ನಾನು ಹೇಳಿದ್ದು ಗುಣ, ಜ್ವರ ಅಲ್ಲ."

ಸರಿ, ಥರ್ಮಾಮೀಟರು ವಾಪಸು ಹೋಯಿತು. ಸೋಕುವುದು ಎಂದರೇನು? ಒಂದು ಮೊಟ್ಟೆಗೆ ಲಾರಿಯಿಂದ ಮರಿಯವರೆಗೆ ಮೂರು ಸಲ ಮನುಷ್ಯನ ಕೈ ತಾಗುತ್ತದೆ. ಯಾವ ಸಲದ್ದನ್ನು ಹಿಡಿಯಬೇಕು? ಪರ್ಸೆಂಟು ಯೋಚಿಸಿ, ಟ್ರೇ ತುಂಬಿದ ಕೈಯೇ ಕೈ, ಬಳಪದ ಬಣ್ಣವೇ ಅದರ ಗುರುತು ಎಂದು ನಿರ್ಧರಿಸಿದ. ಒಂದು ಬ್ಯಾಚಿನಲ್ಲಿ ಎಷ್ಟು ಹಸಿರು ಟ್ರೇ ಎಂಬುದು ಮೊದಲ ಅಂಕಿ. ಆ ಬ್ಯಾಚಿನಲ್ಲಿ ಯಂತ್ರಕ್ಕಿಟ್ಟ ನೂರು ಮೊಟ್ಟೆಗೆ ಎಷ್ಟು ಮರಿ ಎಂಬುದು ಎರಡನೆಯದು.

"ಹುಟ್ಟಿ ಎರಡು ದಿನಕ್ಕೆ ಸತ್ತಿದ್ದು?" ಎಂದಳು ರೇಡಿಯೋ.

"ಅದು ಲೆಕ್ಕಕ್ಕಿಲ್ಲ."

"ಕಾಲು ಸೊಟ್ಟಗಿರೋದು?"

"ಹುಟ್ಟಿದ್ರೆ ಹುಟ್ಟಿದ ಹಾಗೆ."

"ಮತ್ತೆ ಮೊನ್ನೆ ಅಕ್ಕ ನನ್ನ ಪಾತ್ರೆ ಮುಟ್ಟಿದ್ಳು, ಸಂಜೆ ಹಾಲು ಒಡೀತು. ಅದು?"

"ಅದು ಹಾಲಿನ ಡೈರಿಯೋರನ್ನ ಕೇಳು."

ಇವಳನ್ನು ಹೀಗೇ ಬಿಟ್ಟರೆ ಉತ್ತರ ಬಂದ ಮೇಲೂ ಪ್ರಶ್ನೆ ಬದಲಾಯಿಸುತ್ತಾಳೆ ಎಂದು ಪರ್ಸೆಂಟಿಗೆ ಹೊಳೆಯಿತು. ಅವನ ಪಠ್ಯದಲ್ಲೂ ಹಾಗೇ ಇತ್ತು: ಏನನ್ನು ಅಳೆಯುತ್ತೇವೆ, ಹೇಗೆ ಅಳೆಯುತ್ತೇವೆ ಎಂದು ಅಂಕಿ ನೋಡುವ ಮೊದಲೇ ಬರೆದಿಡಬೇಕು. ಅವನು ಒಂದು ಹಾಳೆಯಲ್ಲಿ ಎರಡೂ ವ್ಯಾಖ್ಯೆ ಬರೆದ. ಕಳೆದ ನಲವತ್ತು ಬ್ಯಾಚುಗಳನ್ನು ತೆಗೆದುಕೊಳ್ಳುವುದು, ಉತ್ತರ ಏನೇ ಬಂದರೂ ಶುಕ್ರವಾರ ನೋಟೀಸು ಬೋರ್ಡಿಗೆ ಹಾಕುವುದು, ಆಮೇಲೆ ಯಾರೂ ವ್ಯಾಖ್ಯೆ ಬದಲಾಯಿಸಕೂಡದು ಎಂದೂ ಬರೆದ. ರೇಡಿಯೋ ಸಹಿ ಹಾಕಿದಳು. ಮ್ಯಾನೇಜರು ಓದದೆ ಸಹಿ ಹಾಕಿದರು. ಪರ್ಸೆಂಟು ಎಲ್ಲರಿಗಿಂತ ಕೆಳಗೆ, ದಿನಾಂಕದ ಸಮೇತ, ಎರಡು ಗೆರೆ ಎಳೆದು ಸಹಿ ಹಾಕಿದ. ಅಕ್ಕನ ಸಹಿ ಬೇಡವೆಂದ. ಅವಳ ಮೇಲಿನ ಪರೀಕ್ಷೆಯಲ್ಲಿ ಅವಳ ಮಾತು ಸೇರಿದರೆ ಪಕ್ಷಪಾತ ಎನ್ನುತ್ತಾರೆ ಎಂದು ಅವನ ಭಯ.

ಗುರುವಾರ ಮಧ್ಯಾಹ್ನ ಗ್ರಾಫ್ ಹಾಳೆಯ ಮೇಲೆ ನಲವತ್ತು ಚುಕ್ಕೆ ಇಟ್ಟ. ಹತ್ತು ಇಟ್ಟಾಗ ರಿಜಿಸ್ಟರನ್ನು ಮತ್ತೊಮ್ಮೆ ತಾಳೆ ನೋಡಿದ. ಇಪ್ಪತ್ತು ಇಟ್ಟಾಗ ಎದ್ದುಹೋಗಿ ನೀರು ಕುಡಿದು ಬಂದ. ನಲವತ್ತು ಮುಗಿಯುವಾಗ ಚುಕ್ಕೆಗಳ ಗುಂಪು ಎಡದ ಮೇಲಿನಿಂದ ಬಲದ ಕೆಳಕ್ಕೆ ಸ್ಪಷ್ಟವಾಗಿ ಜಾರಿತ್ತು. ಹಸಿರು ಟ್ರೇ ಹೆಚ್ಚಾದ ಬ್ಯಾಚಿನಲ್ಲಿ ಮರಿ ಕಡಿಮೆ. ಗುಣಾಂಕವನ್ನು ಮೂರು ಸಲ ತೆಗೆದ. ಮೂರು ಸಲವೂ ಮೈನಸ್ ಸೊನ್ನೆ ಬಿಂದು ಐದು ಎಂಟು.

ಅಕ್ಕ ಚಹಾದ ಲೋಟ ಹಿಡಿದು ಬಂದು ಹಾಳೆಯನ್ನು ನೋಡಿದಳು.

"ಇದೇನೋ, ಇರುವೆಗಳು ಮೆಟ್ಲು ಇಳಿದಂಗಿದೆ."

"ಇಳೀಬಾರ್ದಿತ್ತಕ್ಕ."

ಅವನು ವಿವರಿಸಿದ. ಅಕ್ಕ ಓದಿದ್ದು ಏಳನೆಯ ಕ್ಲಾಸು. ಆದರೆ ಅವಳು ಹಾಳೆಯನ್ನು ಹತ್ತಿರಕ್ಕೆಳೆದುಕೊಂಡು, ಕೆಳಗಿನ ಮೂಲೆಯ ಚುಕ್ಕೆಯೊಂದರ ಮೇಲೆ ಬೆರಳಿಟ್ಟಳು.

"ಇದು ಯಾವ ಬ್ಯಾಚು?"

ಅವನು ಹೇಳಿದ.

"ಆವತ್ತು ಲಾರಿಯಿಂದ ಬರೀ ನೆಲದ ಮೊಟ್ಟೆ ಇಳೀತು. ಮೂರು ಜನಾನೂ ನನ್ನ ಮೇಜಿಗೆ ತಳ್ಳಿದ್ರು. ಇದು?" ಇನ್ನೊಂದು ಚುಕ್ಕೆ. ಅವನು ಹೇಳಿದ. "ಆವತ್ತೂ ಅಷ್ಟೇ. ನೆಲದ ಮೊಟ್ಟೆ ಹೆಚ್ಚಾದ ದಿನ ನನ್ನ ಟ್ರೇ ಹೆಚ್ಚು. ನೆಲದ ಮೊಟ್ಟೆ ನೂರಕ್ಕೆ ಐವತ್ತು, ಐವತ್ತೈದು ಮರಿ ಆದ್ರೆ ಹೆಚ್ಚು. ಇಷ್ಟೇ ತಾನೆ ಕತೆ?"

ಪರ್ಸೆಂಟು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದ. "ಇಷ್ಟೇ."

"ಮತ್ತೆ ಇದನ್ನ ಬರಿ."

"ಯಾವ ಮೊಟ್ಟೆ ನೆಲದ್ದು, ಯಾವುದು ಗೂಡಿಂದು ಅಂತ ರಿಜಿಸ್ಟರಲ್ಲಿ ಕಾಲಮ್ಮೇ ಇಲ್ಲಕ್ಕ. ಬಕೀಟಿಗೆ ಎಷ್ಟು ಹೋಯ್ತು ಅಂತಾನೂ ಇಲ್ಲ. ಇಟ್ಟಿದ್ದು ಎಷ್ಟು, ಆಗಿದ್ದು ಎಷ್ಟು, ಅಷ್ಟೇ ಇರೋದು."

"ಮೊದ್ಲೇ ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿರ್ಲಿಲ್ವೇನೋ?"

ಪಕ್ಷಪಾತವಾಗಬಾರದೆಂದು ಅವನು ಹೊರಗಿಟ್ಟದ್ದು, ಇಡೀ ಹ್ಯಾಚರಿಯಲ್ಲಿ ವಿಷಯ ಗೊತ್ತಿದ್ದ ಒಬ್ಬಳನ್ನೇ.

"ನಾಳೆ ಹಾಕ್ಬೇಡ ಬಿಡು," ಎಂದಳು ಅಕ್ಕ.

"ಸಹಿ ಹಾಕಿದ್ದೀನಿ. ಹಾಕ್ದಿದ್ರೆ ಮುಚ್ಚಿಟ್ಟ ಅಂತಾರೆ, ಅದು ಇನ್ನೂ ಕೆಟ್ಟದ್ದು. ಕೆಳಗೆ ದೊಡ್ಡ ಅಕ್ಷರದಲ್ಲಿ ಕಾರಣ ಬರೀತೀನಿ. ಒಟ್ಟಿಗೆ ಏರಿಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ ಅಂತ."

ಬರೆದ. ಆರು ಸಾಲು ಬರೆದ. ನೋಟೀಸು ಬೋರ್ಡಿನ ಮುಂದೆ ನಿಂತವರು ಇಳಿಜಾರನ್ನು ನೋಡಿದರು, ಮೈನಸ್ಸನ್ನು ನೋಡಿದರು, ಹೋದರು. ಆರು ಸಾಲನ್ನು ಓದಿದವನು ವಾಚ್‌ಮನ್ ಒಬ್ಬನೇ. ಅವನಿಗೆ ಹೊತ್ತು ಹೋಗಬೇಕಿತ್ತು. ಓದಿ ಮುಗಿಸಿ, "ಚೆನ್ನಾಗಿ ಬರೆದಿದ್ದೀರಿ ಸಾರ್. ಪಾಪ, ಅಕ್ಕನ ಕೈ ಇಂಥದ್ದು ಅಂತ ಅನ್ಕೊಂಡಿರ್ಲಿಲ್ಲ," ಎಂದ.

ರೇಡಿಯೋ ಆ ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಳು. ಹಾಳೆಯ ಮೂಲೆಯಲ್ಲಿ ಹ್ಯಾಚರಿಯ ಸೀಲು ಚೊಕ್ಕವಾಗಿ ಬಂದಿತ್ತು. ಸಂಜೆಯೊಳಗೆ ಅದು ಬೀಗಿತಿಯ ಮನೆ ಸೇರಿತ್ತು. ಅಕ್ಕ ಬೇಡಿದ್ದ ಚೀಟಿ ಅವಳು ಕೊಂಡೊಯ್ಯುವ ಮೊದಲೇ ತಲುಪಿತ್ತು, ಅಷ್ಟೇ.

ಸೋಮವಾರ ಮ್ಯಾನೇಜರು ಅಕ್ಕನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ. ಕುರ್ಚಿ ತೋರಿಸಿ ಕೂರಿಸಿದರು.

"ನಾನು ಇದನ್ನೆಲ್ಲಾ ನಂಬಲ್ಲಮ್ಮ. ನಾನು ಓದಿದೋನು. ಆದ್ರೆ ಅಂಕಿ ಅಂಶ ಇದೆ ನೋಡಿ, ಅದನ್ನ ನಂಬ್ದೆ ಇರಕ್ಕಾಗಲ್ಲ. ಸದ್ಯಕ್ಕೆ ತೊಳೆಯೋ ಕಡೆ ಇರಿ. ಸಂಬಳ ಅದೇ."

"ಸಾರ್, ನೆಲದ ಮೊಟ್ಟೆ..."

"ಅದನ್ನ ಉಳಿದೋರು ನೋಡ್ಕೋತಾರೆ."

ತೊಳೆಯುವ ಕೋಣೆ ಹ್ಯಾಚರಿಯ ಹಿಂಬದಿಗಿತ್ತು. ಮರಿ ಹೊರಟುಹೋದ ಮೇಲೆ ಟ್ರೇಗಳು ಅಲ್ಲಿಗೆ ಬರುತ್ತವೆ, ಚಿಪ್ಪು, ಪುಕ್ಕ, ಒಣಗಿದ ಲೋಳೆಯ ಸಮೇತ. ಸೋಡಾ ಬೆರೆಸಿದ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಬ್ರಶ್ಶಿನಿಂದ ತಿಕ್ಕಿ, ಅಂಚಿನ ಬಳಪದ ಗೆರೆಯನ್ನೂ ಅಳಿಸಿ, ಒಣಗಲು ಒರಗಿಸಬೇಕು. ಅಕ್ಕ ಮೊಣಕೈವರೆಗಿನ ರಬ್ಬರು ಗ್ಲೌಸು ಹಾಕಿಕೊಂಡು ನಿಂತಳು. ಅವಳ ಕೈ ಈಗ ದಿನವಿಡೀ ಬೆಚ್ಚಗಿರುತ್ತಿತ್ತು. ಅದನ್ನು ಅಳೆಯಲು ಯಾರೂ ಥರ್ಮಾಮೀಟರು ತರಲಿಲ್ಲ.

ಪರ್ಸೆಂಟು ಆವತ್ತಿನಿಂದ ಬಕೀಟು ಎಣಿಸಲು ಶುರು ಮಾಡಿದ. ಲಾರಿ ಬಂದ ದಿನ ಸಂಜೆ ಮೊಟ್ಟೆಕೋಣೆಯ ಹಿಂದೆ ನಿಂತು, ಎಸೆಯಲು ಹೊರಟ ಮೊಟ್ಟೆಗಳನ್ನು ಒಂದೊಂದಾಗಿ ಎಣಿಸಿ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದ. ಅಕ್ಕ ಇದ್ದಾಗ ಒಂದು ಬ್ಯಾಚಿಗೆ ಬಂದ ಹದಿನೈದು ಸಾವಿರದಲ್ಲಿ ನೂರೈವತ್ತು ಬಕೀಟಿಗೆ ಹೋಗುತ್ತಿತ್ತು ಎಂದು ಅಕ್ಕನ ಅಂದಾಜು. ಈಗ ಸಾವಿರದ ನೂರೈವತ್ತು. ಅದರಲ್ಲಿ ನಾಲ್ಕು ಡಜನ್ನನ್ನು ಅಕ್ಕನ ಹತ್ತಿರ ಕದ್ದು ತಂದು ತೋರಿಸಿದ. ಅವಳು ಗ್ಲೌಸು ಕಳಚಿ, ಒಂದಕ್ಕೊಂದು ತಾಗಿಸಿ, ಮೂವತ್ತನ್ನು ಒಂದು ಕಡೆಗೆ ಇಟ್ಟಳು. "ಇವು ಆಗ್ತಿದ್ವು," ಎಂದಳು. ಅಷ್ಟರಲ್ಲಿ ಯಾರೋ ಬರುವ ಸದ್ದಾಗಿ ಎಲ್ಲವನ್ನೂ ಬಕೀಟಿಗೆ ಹಾಕಬೇಕಾಯಿತು.

ಹೀಗೆ ಏಳು ಬ್ಯಾಚಿನ ಲೆಕ್ಕ ಹಿಡಿದು ಅವನು ಮ್ಯಾನೇಜರ ಮುಂದೆ ನಿಂತ. ಮ್ಯಾನೇಜರು ಅವನಿಗಿಂತ ಉತ್ಸಾಹದಲ್ಲಿದ್ದರು.

"ಬಾರಯ್ಯ ಬಾ! ನೋಡಿದ್ಯಾ? ಎಂಬತ್ತೆರಡು ಇದ್ದಿದ್ದು ಎಂಬತ್ನಾಲ್ಕಾಗಿದೆ. ಹೆಡ್ಡಾಫೀಸಿಂದ ಫೋನು ಮಾಡಿ ಹೊಗಳಿದ್ರು. ನಿನ್ನ ಗ್ರಾಫು ಸರಿಯಾಗೇ ಇತ್ತು ಕಣಯ್ಯ."

"ಸಾರ್, ಪರ್ಸೆಂಟು ಏರಿದೆ. ಮರಿ ಕಮ್ಮಿಯಾಗಿದೆ."

"ಅದು ಹೆಂಗಾಗುತ್ತೆ?"

"ಮೊದ್ಲು ಹದಿನಾಲ್ಕು ಸಾವಿರದ ಎಂಟುನೂರೈವತ್ತು ಇಟ್ಟು ಹನ್ನೆರಡು ಸಾವಿರ ಚಿಲ್ರೆ ಮರಿ ತೆಗೀತಿದ್ವಿ. ಈಗ ಸಾವಿರ ಮೊಟ್ಟೆ ಇಡದೇ ಎಸೀತಿದ್ದೀವಿ. ಹದಿಮೂರು ಸಾವಿರದ ಎಂಟುನೂರೈವತ್ತರಲ್ಲಿ ಎಂಬತ್ನಾಲ್ಕು ಅಂದ್ರೆ ಹನ್ನೊಂದು ಸಾವಿರದ ಆರುನೂರು ಚಿಲ್ರೆ. ಒಂದು ಬ್ಯಾಚಿಗೆ ಐನೂರು ಮರಿ ಹೋಗ್ತಿದೆ ಸಾರ್. ಎಸೆದಿದ್ದು ಲೆಕ್ಕಕ್ಕೆ ಬರಲ್ಲ, ಅದಕ್ಕೇ ಪರ್ಸೆಂಟು ಚೆನ್ನಾಗಿ ಕಾಣುತ್ತೆ. ನಾನು ಛೇದ ತಪ್ಪು ಹಿಡ್ದಿದ್ದೆ. ಇಟ್ಟ ಮೊಟ್ಟೆಗಲ್ಲ, ಬಂದ ಮೊಟ್ಟೆಗೆ ಎಷ್ಟು ಮರಿ ಅಂತ ನೋಡ್ಬೇಕಿತ್ತು. ಹಾಗೆ ನೋಡಿದ್ರೆ ಅಕ್ಕನ ಕೈಯೇ..."

ಮ್ಯಾನೇಜರು ಡ್ರಾಯರು ಎಳೆದು ಒಂದು ಹಾಳೆ ತೆಗೆದರು. ಕೆಳಗೆ ದಿನಾಂಕದ ಸಮೇತ, ಎರಡು ಗೆರೆ ಎಳೆದ ಸಹಿ.

"ಇದು ಯಾರ ಸಹಿ?"

"ನಂದೇ ಸಾರ್."

"'ಯಂತ್ರಕ್ಕಿಟ್ಟ ನೂರು ಮೊಟ್ಟೆಗೆ ಎಷ್ಟು ಮರಿ.' ಇದು ಯಾರು ಬರೆದಿದ್ದು?"

"ನಾನೇ."

"'ಆಮೇಲೆ ಯಾರೂ ವ್ಯಾಖ್ಯೆ ಬದಲಾಯಿಸಕೂಡದು.' ಇದು?"

"ಅದೂ ನಾನೇ ಸಾರ್."

"ಈಗ ಅಕ್ಕ ಅಂತ ಬದಲಾಯಿಸ್ತೀಯಾ? ಇದೇ ಕಣಯ್ಯ ಪಕ್ಷಪಾತ ಅಂದ್ರೆ. ಹೆಡ್ಡಾಫೀಸು ಕೇಳೋದೂ ಇದೇ ಪರ್ಸೆಂಟು. ಬಕೀಟು ಎಣಿಸೋ ಕೆಲಸ ನಿಂಗೆ ಯಾರು ಹೇಳಿದ್ರು?"

ಹಳೆಯ ನಲವತ್ತು ಬ್ಯಾಚುಗಳ ಬಕೀಟು ಎಂದೋ ಖಾಲಿಯಾಗಿತ್ತು. ಅದರ ಲೆಕ್ಕ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಇದ್ದದ್ದು ಅಕ್ಕನ ತಲೆಯಲ್ಲಿ. ಅದು ಪಕ್ಷಪಾತ. ಪರ್ಸೆಂಟು ನೋಟುಬುಕ್ಕು ಮಡಚಿಕೊಂಡು ಹೊರಗೆ ಬಂದ.

ಆ ವಾರವೇ ಮಗಳಿಗೆ ಹೆರಿಗೆಯಾಯಿತು. ಹೆಣ್ಣು. ಮೂರು ವಾರ ಮೊದಲೇ ಹುಟ್ಟಿದ್ದರಿಂದ ತೂಕ ಕಡಿಮೆ. ಬೀಗಿತಿ ತಾವೇ ಫೋನು ಮಾಡಿ, ಎರಡು ವಾರ ಕಳೆಯಲಿ, ಆಮೇಲೆ ಬನ್ನಿ ಎಂದರು. ಅಕ್ಕ ಬರೆಸಿದ್ದ ರಜೆಯನ್ನು ರದ್ದು ಮಾಡಿಸಿದಳು. ಎರಡು ವಾರ ತೊಟ್ಟಿಯ ಮುಂದೆ ನಿಂತಳು. ಹದಿನೈದನೆಯ ದಿನ, ಭಾನುವಾರ ಬೆಳಿಗ್ಗೆ, ತಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಪರ್ಸೆಂಟು ಅಂಗಿಯ ಜೇಬಿನಲ್ಲಿ ಬಕೀಟಿನ ಲೆಕ್ಕವನ್ನು ಚೊಕ್ಕವಾಗಿ ಬರೆದು ಇಟ್ಟುಕೊಂಡಿದ್ದ.

ಬೀಗಿತಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಬಾಗಿಲಲ್ಲೇ ನಕ್ಕು, "ಬನ್ನಿ ಬನ್ನಿ, ಬಸ್ಸು ಸಿಕ್ತಾ?" ಎಂದು ಕರೆದರು. ಒಳಕೋಣೆಯಲ್ಲಿ ಮಗಳು ದಿಂಬಿಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಬಿಳಿ ಬಟ್ಟೆಯ ಸುರುಳಿ. ಸುರುಳಿಯ ಮೇಲ್ತುದಿಯಲ್ಲಿ ಒಂದು ಕೆಂಪು ಮುಖ. ಅಕ್ಕ ಮಂಚದಿಂದ ನಾಲ್ಕಡಿ ದೂರದಲ್ಲಿ ನಿಂತುಬಿಟ್ಟಳು.

ಬೀಗಿತಿ ಚಹಾ ಮಾಡಲು ಒಳಗೆ ಹೋದರು. ಮಗಳು ಪಿಸುಗುಟ್ಟಿದಳು: "ಅಮ್ಮ, ಬೇಗ ಎತ್ಕೋ. ಅವ್ರು ಬರೋದ್ರೊಳಗೆ."

"ಕದ್ದು ಎತ್ಕೊಳ್ಳೋಕೆ ಇದೇನು ಪರರ ಮನೆ ಮಾವಿನಕಾಯಾ? ಅವ್ರು ಬರ್ಲಿ."

ಅವರು ಬಂದರು. ಲೋಟ ಕೈಗೆ ಕೊಟ್ಟರು. ಅಕ್ಕ ಲೋಟವನ್ನು ಕಿಟಕಿಯ ಮೇಲಿಟ್ಟು ನೇರವಾಗಿ ಕೇಳಿದಳು.

"ಬೀಗಿತೀರೇ, ಎತ್ಕೊಳ್ಲಾ?"

ಪರ್ಸೆಂಟು ಜೇಬಿಗೆ ಕೈ ಹಾಕಿ ಹಾಳೆ ತೆಗೆದ. "ಮೇಡಂ, ಹಳೇ ಲೆಕ್ಕ ತಪ್ಪು. ಇದರಲ್ಲಿ ಹೊಸ ಛೇದ ಹಾಕಿದ್ದೀನಿ, ಒಂದ್ಸಲ ನೋಡಿ..."

"ನೋಡ್ದೆ ಬಿಡ್ತೀನಾ? ಮೊದಲ್ನೇದನ್ನೂ ನೋಡಿದೆ. ನೀವೇ ಮಾಡಿದ್ದು, ನೀವೇ ತಪ್ಪು ಅಂತೀರಿ." ಅವರು ಹಾಳೆಯನ್ನು ತೆಗೆದುಕೊಂಡು, ಪ್ರೀತಿಯಿಂದಲೇ ಮಡಚಿ, ಮೇಜಿನ ಮೇಲಿಟ್ಟರು. "ಅಲ್ಲಾ ಬೀಗಿತೀರೇ, ನಂಗೆ ನಿಮ್ಮ ಮೇಲೆ ಏನೂ ಇಲ್ಲ. ಮಗು ಸೂಕ್ಷ್ಮ. ಎರಡೂ ಕಾಲು ಕೆಜಿ ಅಷ್ಟೇ. ನಾಳೆ ಏನಾದ್ರೂ ಆದ್ರೆ, ನಾನು ಏನೂ ಅನ್ನಲ್ಲ, ಆದ್ರೆ ನಿಮ್ಮ ಮನಸ್ಸೇ ನಿಮ್ಮನ್ನ ಬಿಡಲ್ಲ. ಅದಕ್ಕೆ ಹೇಳಿದ್ದು."

"ಏನಾದ್ರೂ ಅಂದ್ರೆ ಏನು ಮೇಡಂ?" ಎಂದ ಪರ್ಸೆಂಟು. "ಜ್ವರಾನಾ? ಎಷ್ಟು ಡಿಗ್ರಿ? ಎಷ್ಟು ದಿನದೊಳಗೆ? ಒಂದು ಹೇಳಿಬಿಡಿ. ಮೂರು ದಿನ ಅನ್ನಿ, ಏಳು ದಿನ ಅನ್ನಿ. ಅಷ್ಟರೊಳಗೆ ಆಗದೇ ಇದ್ರೆ ಅಕ್ಕನ ಕೈ ಸರಿ ಅಂತ ಒಪ್ಕೋಬೇಕು."

"ಏನಾದ್ರೂ ಅಂದ್ರೆ ಏನಾದ್ರೂನೇ ಕಣಪ್ಪ. ಅದನ್ನೆಲ್ಲಾ ಹಿಂಗೆ ಅಂತ ಹೇಳಕ್ಕಾಗುತ್ತಾ?"

"ಎಲ್ಲ ಮಕ್ಕಳಿಗೂ ಏನಾದ್ರೂ ಆಗೇ ಆಗುತ್ತಲ್ಲ ಮೇಡಂ, ಶೀತ, ಭೇದಿ..."

"ಬಿಡ್ತು ಅನ್ನು! ಏನು ಮಾತು ಅಂತ ಆಡ್ತೀಯ ಮಾಮ?" ಎಂದಳು ಮಗಳು, ಮಗುವಿನ ಮೇಲೆ 'ಬಿಡ್ತು' ಎಂದು ಕೈಯಾಡಿಸುತ್ತ.

ಅಕ್ಕ ಆಗ ತಮ್ಮನ ಕಡೆ ನೋಡಲಿಲ್ಲ, ಬೀಗಿತಿಯ ಕಡೆಯೂ ನೋಡಲಿಲ್ಲ. ಅವಳಿಗೆ ಲೆಕ್ಕ ಸ್ಪಷ್ಟವಾಗಿ ಹೊಳೆದುಬಿಟ್ಟಿತ್ತು. ಇವತ್ತು ಎತ್ತಿಕೊಂಡರೆ, ಮುಂದಿನ ತಿಂಗಳ ಶೀತ ಅವಳದು. ಮೊದಲ ಹಲ್ಲಿನ ಜ್ವರ ಅವಳದು. ನಡೆಯಲು ಕಲಿಯುವಾಗ ಬಿದ್ದ ಗಾಯ, ಒಂದನೆಯ ಕ್ಲಾಸಿನಲ್ಲಿ ಕಡಿಮೆ ಬಂದ ಅಂಕ, ಎಲ್ಲಕ್ಕೂ ಹಸಿರು ಗೆರೆ. ಎತ್ತಿಕೊಳ್ಳದಿದ್ದರೆ, ಮಗು ಚೆನ್ನಾಗಿ ಬೆಳೆದದ್ದಕ್ಕೆಲ್ಲ ಕಾರಣ ಅವಳು ಎತ್ತಿಕೊಳ್ಳದೇ ಇದ್ದದ್ದು. ಯಾವ ಕಡೆಯಿಂದ ಹೋದರೂ ಅದೇ ಬಾಗಿಲು.

"ಆಯ್ತು ಬಿಡಿ," ಎಂದಳು. "ನಿದ್ದೆ ಮಾಡ್ತಿದೆ. ಎಬ್ಬಿಸೋದು ಯಾಕೆ?"

"ಹೌದು ನೋಡಿ, ಈಗ ತಾನೆ ಮಲಗಿದ್ದು," ಎಂದರು ಬೀಗಿತಿ, ನಿಜವಾಗಿಯೂ ಹಗುರಾಗಿ. "ಚಹಾ ಆರಿಹೋಗುತ್ತೆ, ಕುಡೀರಿ."

ಅಕ್ಕ ಲೋಟ ತೆಗೆದುಕೊಂಡಳು. ಎರಡೂ ಕೈಯಿಂದ ಹಿಡಿದುಕೊಂಡಳು. ಮಗುವಿನ ಮೂಗು ಯಾರದ್ದು, ಹುಬ್ಬು ಯಾರದ್ದು ಎಂಬ ಮಾತು ಶುರುವಾಯಿತು. ಮೂಗು ತಂದೆಯದು ಎಂದು ಬೀಗಿತಿ, ಮಾಮನದು ಎಂದು ಮಗಳು. ಪರ್ಸೆಂಟು ತನ್ನ ಮೂಗನ್ನು ಮುಟ್ಟಿ ನೋಡಿಕೊಂಡ. ಎಲ್ಲರೂ ನಕ್ಕರು.

ಆಗ ಮಗು ಸೀನಿತು. ಸಣ್ಣದೊಂದು ಸೀನು.

ನಗು ನಿಂತಿತು. ಬೀಗಿತಿ ಅಕ್ಕನ ಕಡೆ ನೋಡಿದರು. ಮಗಳೂ ನೋಡಿದಳು. ಪರ್ಸೆಂಟೂ ನೋಡಿದ, ನೋಡಿದ ಮೇಲೆ ತಾನು ನೋಡಿದ್ದು ಗೊತ್ತಾಗಿ ಕಣ್ಣು ಕೆಳಗೆ ಹಾಕಿದ.

ಅಕ್ಕ ಮಂಚದಿಂದ ನಾಲ್ಕಡಿ ದೂರದಲ್ಲೇ ಇದ್ದಳು. ಒಂದು ಹೆಜ್ಜೆ ಹಿಂದೆ ಸರಿದು ಐದಡಿ ಮಾಡಿದಳು.

"ಕಿಟಕಿ ಮುಚ್ಚಿ," ಎಂದಳು. "ಗಾಳಿ ಬರ್ತಿದೆ."

ಬೀಗಿತಿ ಎದ್ದು ಕಿಟಕಿ ಮುಚ್ಚಿದರು.